ನಾರ್ಫೋಕ್ ದ್ವೀಪದ ಪೈನ್

ನಾರ್ಫೋಕ್ ದ್ವೀಪದ ಪೈನ್ ಅರೌಕೇರಿಯೇಸಿ ಕುಟುಂಬಕ್ಕೆ ಸೇರಿದ ಒಂದು ನಿತ್ಯಹರಿದ್ವರ್ಣದ ಶಂಕುಧಾರಿ ಮರ. ಇದರ ವೈಜ್ಞಾನಿಕ ಹೆಸರು ಅರೌಕೇರಿಯ ಹೆಟೆರೊಫಿಲ್ಲ. ಇದರ ಎಳೆಯ ಗಿಡಗಳನ್ನು ಅನೇಕ ದೇಶಗಳಲ್ಲಿ ಕುಂಡದ ಅಲಂಕಾರಿಕ ಸಸ್ಯವಾಗಿ ಬೆಳೆಸುತ್ತಾರೆ. ಭಾರತದಲ್ಲಿ ಇದು ‘ಕ್ರಿಸ್‌ಮಸ್ ಗಿಡ’ ಎಂಬ ಹೆಸರಿನಿಂದಲೂ ಪರಿಚಿತವಾಗಿದೆ. ಕುಂಡದಲ್ಲಿ ಚಿಕ್ಕದಾಗಿ ಕಾಣುವ ಈ ಗಿಡ ಕುಬ್ಜ ತಳಿಯದಲ್ಲ. ಮೂಲನೆಲೆಯಲ್ಲಿ 50ರಿಂದ 65 ಮೀಟರ್ ಎತ್ತರಕ್ಕೆ ಬೆಳೆಯುವ ಮರದ ಎಳೆಯ ಅವಸ್ಥೆಯಾಗಿದೆ.

ಮೂಲ ಮತ್ತು ಹೆಸರು

ಈ ಮರದ ತವರು ಪೆಸಿಫಿಕ್ ಸಾಗರದಲ್ಲಿ ನ್ಯೂಜಿಲೆಂಡ್ ಮತ್ತು ನ್ಯೂ ಕ್ಯಾಲಿಡೋನಿಯಗಳ ನಡುವೆ ಇರುವ ನಾರ್ಫೋಕ್ ದ್ವೀಪ. ಇದು ಆಸ್ಟ್ರೇಲಿಯದ ಆಡಳಿತಕ್ಕೆ ಒಳಪಟ್ಟಿದೆ. ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ 1774ರಲ್ಲಿ ತನ್ನ ಎರಡನೆಯ ಯಾನದಲ್ಲಿ ಈ ದ್ವೀಪವನ್ನು ತಲುಪಿದಾಗ ಇಲ್ಲಿನ ಮರಗಳನ್ನು ಗಮನಿಸಿದನು. ದ್ವೀಪದ ಧ್ವಜದಲ್ಲಿಯೂ ಈ ಮರದ ಚಿತ್ರವಿದೆ. ಹೆಸರಿನಲ್ಲಿ ‘ಪೈನ್’ ಎಂದಿದ್ದರೂ ಇದು ಪೈನಸ್ ಜಾತಿಗೆ ಸೇರಿದ್ದಲ್ಲ. ‘ಹೆಟೆರೊಫಿಲ್ಲ’ ಎಂದರೆ ಭಿನ್ನ ಎಲೆಗಳುಳ್ಳದ್ದು ಎಂದರ್ಥ. ಎಳೆಯ ಮರದ ಎಲೆಗೂ ಬಲಿತ ಮರದ ಎಲೆಗೂ ಇರುವ ವ್ಯತ್ಯಾಸವನ್ನು ಇದು ಸೂಚಿಸುತ್ತದೆ.

ಗುರುತಿಸುವಿಕೆ

ಕಾಂಡ ನೇರವಾಗಿ ಬೆಳೆಯುತ್ತದೆ. ಕೊಂಬೆಗಳು ಕಾಂಡದ ಸುತ್ತ ಒಂದೇ ಮಟ್ಟದಲ್ಲಿ ಹೊರಟು ಅಡ್ಡಲಾಗಿ ಚಾಚಿಕೊಳ್ಳುವುದರಿಂದ ಗಿಡ ಅಂತಸ್ತು ಅಂತಸ್ತಾಗಿ ಜೋಡಿಸಿದಂತೆ ಕಾಣುತ್ತದೆ. ಎಳೆಯ ಎಲೆಗಳು ಸುಮಾರು ಒಂದು ಸೆಂಟಿಮೀಟರ್ ಉದ್ದವಿದ್ದು, ಮೊನಚಾಗಿದ್ದರೂ ಮೃದುವಾಗಿರುತ್ತವೆ. ಬಲಿತ ಮರದಲ್ಲಿ ಅವು ದಪ್ಪನಾಗಿ, ಒಳಬಾಗಿ, ಹುರುಪೆಗಳಂತೆ ಒತ್ತೊತ್ತಾಗಿರುತ್ತವೆ. ನಿಜವಾದ ಪೈನ್ ಮರದಲ್ಲಿ ಉದ್ದನೆಯ ಸೂಜಿ ಎಲೆಗಳು ಗೊಂಚಲಾಗಿ ಹುಟ್ಟುತ್ತವೆ. ಕರ್ನಾಟಕದ ಕರಾವಳಿಯಲ್ಲಿ ಸಾಮಾನ್ಯವಾಗಿರುವ ಗಾಳಿಮರದಲ್ಲಿ ಎಲೆಗಳಂತೆ ಕಾಣುವುವು ಗೆಣ್ಣುಗೆಣ್ಣಾದ ಹಸಿರು ಕಡ್ಡಿಗಳು.

ಇದನ್ನು ಹೆಚ್ಚಾಗಿ ಕುಕ್ ಪೈನ್ ಎಂದು ಭ್ರಮಿಸಲಾಗುತ್ತದೆ. ನ್ಯೂ ಕ್ಯಾಲಿಡೋನಿಯ ಮೂಲದ ಕುಕ್ ಪೈನ್‌ನ ವೈಜ್ಞಾನಿಕ ಹೆಸರು ಅರೌಕೇರಿಯ ಕಾಲಮ್ನಾರಿಸ್. ಎಳೆಯ ಅವಸ್ಥೆಯಲ್ಲಿ ಇವೆರಡನ್ನೂ ಬೇರ್ಪಡಿಸುವುದು ಕಷ್ಟವಾದ್ದರಿಂದ ಒಂದರ ಹೆಸರಿನಲ್ಲಿ ಇನ್ನೊಂದು ಮಾರಾಟವಾಗುವುದುಂಟು. ಬೆಳೆದ ನಾರ್ಫೋಕ್ ಪೈನ್ ಅಗಲವಾದ ಗೋಪುರದಂತಿದ್ದರೆ, ಕುಕ್ ಪೈನ್ ಕಿರಿದಾದ ಕಂಬದಂತೆ ಇರುತ್ತದೆ ಮತ್ತು ಅದರ ತೊಗಟೆ ತೆಳು ಕಾಗದದಂತೆ ಸುಲಿಯುತ್ತದೆ. ಕುಕ್ ಪೈನ್‌ನ ಕಾಂಡ ಒಂದು ಕಡೆಗೆ ವಾಲಿರುವುದೂ ಸಾಮಾನ್ಯ. ಇದು ಉತ್ತರಾರ್ಧಗೋಳದಲ್ಲಿ ದಕ್ಷಿಣಕ್ಕೂ ದಕ್ಷಿಣಾರ್ಧಗೋಳದಲ್ಲಿ ಉತ್ತರಕ್ಕೂ ವಾಲುತ್ತದೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನದಲ್ಲಿ ಎತ್ತರವಾಗಿ ಬೆಳೆದ ಕುಕ್ ಪೈನ್ ಮರಗಳಿವೆ. ಕುಂಡದ ಗಿಡ ಈ ಎರಡರಲ್ಲಿ ಯಾವುದೇ ಆಗಿದ್ದರೂ ಅದು ಮುಂದೆ ದೊಡ್ಡ ಮರವಾಗುತ್ತದೆ. ನಿರ್ವಹಣೆಯ ಕ್ರಮವೂ ಒಂದೇ.

ಕುಂಡದಲ್ಲಿ ನಿರ್ವಹಣೆ

ಕುಂಡದಲ್ಲಿ ಬೇರಿಗೆ ಸ್ಥಳ ಕಡಿಮೆಯಿರುವುದರಿಂದ ಬೆಳವಣಿಗೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಕುಂಡವನ್ನು ಮಣ್ಣಿನ ನೆಲದ ಮೇಲೆ ಇಟ್ಟರೆ ತಳದ ರಂಧ್ರದಿಂದ ಬೇರು ನೆಲಕ್ಕೆ ಇಳಿದು ಗಿಡ ವೇಗವಾಗಿ ಬೆಳೆಯತೊಡಗುತ್ತದೆ. ಆದ್ದರಿಂದ ಕುಂಡವನ್ನು ಕಲ್ಲು ಅಥವಾ ತಟ್ಟೆಯ ಮೇಲಿಟ್ಟು ಆಗಾಗ ಪರೀಕ್ಷಿಸಬೇಕು.

ಗಿಡಕ್ಕೆ ಒಳ್ಳೆಯ ಬೆಳಕು ಬೇಕು. ಬೆಳಕು ಸಾಲದಿದ್ದರೆ ಅಥವಾ ಮಣ್ಣು ತೀರ ಒಣಗಿದರೆ ಕೆಳಗಿನ ಕೊಂಬೆಗಳು ಒಣಗಿ ಬೀಳುತ್ತವೆ. ಬಿದ್ದ ಜಾಗದಲ್ಲಿ ಮತ್ತೆ ಕೊಂಬೆ ಹುಟ್ಟುವುದಿಲ್ಲ. ನೀರು ನಿಂತರೆ ಬೇರು ಕೊಳೆಯುತ್ತದೆ. ಬೆಳಕಿನ ಕಡೆಗೆ ಬಾಗದಂತೆ ಕುಂಡವನ್ನು ವಾರಕ್ಕೊಮ್ಮೆ ಸ್ವಲ್ಪ ತಿರುಗಿಸಬೇಕು. ಬೆಳವಣಿಗೆಯನ್ನು ತಗ್ಗಿಸಬೇಕಾದರೆ ದೊಡ್ಡ ಕುಂಡಕ್ಕೆ ಬದಲಾಯಿಸದೆ, ಮೇಲ್ಪದರದ ಮಣ್ಣನ್ನು ಮಾತ್ರ ಹೊಸದಾಗಿ ತುಂಬಿ, ಗೊಬ್ಬರವನ್ನು ಮಿತವಾಗಿ ಹಾಕಬಹುದು. ದಟ್ಟವಾಗಿ ಕಾಣಲೆಂದು ಒಂದೇ ಕುಂಡದಲ್ಲಿ ಹಲವು ಸಸಿಗಳನ್ನು ನೆಟ್ಟಿರುವುದುಂಟು. ಅವುಗಳನ್ನು ಎಳೆಯದರಲ್ಲೇ ಬೇರ್ಪಡಿಸಬೇಕು ಅಥವಾ ಒಂದನ್ನು ಉಳಿಸಿಕೊಂಡು ಉಳಿದವನ್ನು ಬುಡದಲ್ಲಿ ಕತ್ತರಿಸಬೇಕು.

ತುದಿ ಕತ್ತರಿಸುವುದರ ಪರಿಣಾಮ

ಎತ್ತರ ಹೆಚ್ಚಾದಾಗ ತುದಿಯನ್ನು ಕತ್ತರಿಸುವುದು ಸಾಮಾನ್ಯ ತಪ್ಪು. ಈ ಮರದಲ್ಲಿ ಅಡ್ಡ ಕೊಂಬೆ ಮೇಲೆದ್ದು ತುದಿಕುಡಿಯ ಸ್ಥಾನವನ್ನು ತುಂಬುವುದಿಲ್ಲ. ಕಾಂಡದಿಂದ ಹೊಸ ಕುಡಿಗಳು ಹೊರಟರೂ ಅವು ಹಲವಾಗಬಹುದಾದ್ದರಿಂದ ಗೋಪುರದ ಆಕಾರ ಕೆಡುತ್ತದೆ. ಇದೇ ಕಾರಣದಿಂದ ಅಡ್ಡ ಕೊಂಬೆಯ ತುಂಡು ಬೇರುಬಿಟ್ಟರೂ ಅಡ್ಡಲಾಗಿಯೇ ಬೆಳೆಯುತ್ತದೆ; ಸಸ್ಯಾಭಿವೃದ್ಧಿಯನ್ನು ಸಾಮಾನ್ಯವಾಗಿ ಬೀಜದಿಂದ ಮಾಡಲಾಗುತ್ತದೆ.

ನೆಲಕ್ಕೆ ವರ್ಗಾಯಿಸುವಿಕೆ

ಕತ್ತರಿಸಿ ಗಿಡ್ಡವಾಗಿಡಲು ಸಾಧ್ಯವಿಲ್ಲದ್ದರಿಂದ, ಕುಂಡದಲ್ಲಿ ಉಳಿಸಬೇಕೇ ನೆಲದಲ್ಲಿ ನೆಡಬೇಕೇ ಎಂಬುದನ್ನು ಗಿಡ ಚಿಕ್ಕದಿರುವಾಗಲೇ ನಿರ್ಧರಿಸಬೇಕಾಗುತ್ತದೆ. ನೆಲದಲ್ಲಿ ನೆಡುವುದಾದರೆ ಕಟ್ಟಡ, ಕಾಂಪೌಂಡ್ ಗೋಡೆ ಮತ್ತು ವಿದ್ಯುತ್ ತಂತಿಗಳಿಂದ ದೂರವಾದ ವಿಶಾಲ ಸ್ಥಳ ಬೇಕು. ಮನೆಯಂಗಳದಲ್ಲಿ ಸ್ಥಳವಿಲ್ಲದಿದ್ದರೆ ಉದ್ಯಾನ ಅಥವಾ ಶಾಲೆಯ ವಿಶಾಲ ಆವರಣ ಸೂಕ್ತ. ಉಪ್ಪುಗಾಳಿಯನ್ನು ತಾಳಿಕೊಳ್ಳುವುದರಿಂದ ಕಡಲತೀರದಲ್ಲಿಯೂ ಇದು ಬೆಳೆಯುತ್ತದೆ. ಒಮ್ಮೆ ಮರವಾದ ಬಳಿಕ ತೆಗೆಯುವುದು ಸುಲಭವಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯಲು ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಪೂರ್ವಾನುಮತಿ ಪಡೆಯಬೇಕಾಗುತ್ತದೆ.