ತಾಯಿಯ ಮೇಲಿನ ಅಪವಾದ

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವರ್ತನೆಯನ್ನು ದಾಖಲಿಸಿ ಆಟಿಸಂ ಎಂಬ ಸ್ಥಿತಿಯನ್ನು ವಿವರಿಸಿದರು. ತಾಯಿಯ ಮಮತೆಯ ಕೊರತೆಯೇ ಇದಕ್ಕೆ ಕಾರಣವೆಂದು ಹಲವು ತಜ್ಞರು ಮುಂದೆ ವಾದಿಸಿದರು. ಈ ಸುಳ್ಳು ಅಪವಾದ ಹೊತ್ತು ಎಷ್ಟು ತಾಯಂದಿರು ಕೊರಗಿದರೋ!

ಉತ್ತರ ಕೆರೊಲಿನಾದ ಎರಿಕ್ ಶಾಪ್ಲರ್ ಇದನ್ನು ಒಪ್ಪಲಿಲ್ಲ. 1966ರಲ್ಲಿ ರಾಬರ್ಟ್ ರೈಕ್ಲರ್ ಜೊತೆ ಅವರು ಆರಂಭಿಸಿದ ಪ್ರಯೋಗದಲ್ಲಿ ಹೆತ್ತವರೇ ಮಕ್ಕಳಿಗೆ ಕಲಿಸುವ ಸಹಭಾಗಿಗಳಾದರು. 1972ರಲ್ಲಿ ಅದು ‘ಟೀಚ್’ ಎಂಬ ಹೆಸರಿನಲ್ಲಿ ಇಡೀ ರಾಜ್ಯದ ಯೋಜನೆಯಾಯಿತು. ಅಲ್ಲಿ ದಿನಚರಿಯನ್ನು ಚಿತ್ರಗಳಲ್ಲಿ ಜೋಡಿಸಿಡುತ್ತಾರೆ. ಈಗ ಯಾವ ಕೆಲಸ, ಅದು ಎಷ್ಟು, ಮುಂದೇನು ಎಂಬುದು ಮಾತು ಬಾರದ ಮಗುವಿಗೂ ನೋಡಿದೊಡನೆ ತಿಳಿಯುತ್ತದೆ.

ಭಾರತದಲ್ಲಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ ಅನ್ನು ಹೆಸರಿಸಿ ಗುರುತಿಸಿತು. ಆದರೆ ನೆರೆಹೊರೆಯ ತಾಯಿಯತ್ತ ಬೆರಳು ತೋರಿಸುವುದನ್ನು ನಾವು ನಿಲ್ಲಿಸಿದ್ದೇವೆಯೇ? ಕಲಿಕಾ ಕೇಂದ್ರ ಕಟ್ಟುವ ಮುನ್ನ ನಾವು ಆ ಬೆರಳನ್ನು ಮಡಚಬೇಕಾಗಿದೆ.