ಲೋಹ ಎರಕದ ವೃತ್ತಿ ಮತ್ತು ತರಬೇತಿ: ಅಭ್ಯರ್ಥಿಗಳ ಮಾಹಿತಿಗಾಗಿ

ಕರಗಿಸಿದ ಲೋಹವನ್ನು ಅಚ್ಚಿಗೆ ಹೊಯ್ದು ಬೇಕಾದ ಆಕಾರ ಪಡೆಯುವ ಕ್ರಮವೇ ಎರಕ. ಕರಾವಳಿಗೆ ಈ ವಿದ್ಯೆ ಹೊಸದಲ್ಲ. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವು ಆಳುಪ ದೊರೆ ಕುಂದವರ್ಮನ ಕಾಲದ್ದು. ಅದರ ಶಾಸನದ ಕಾಲ ಕ್ರಿ.ಶ. 968. ವಿಗ್ರಹಗಳಿಗೆ ಮೇಣದ ಮಾದರಿಯ ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಆ ಟೊಳ್ಳಿಗೆ ಲೋಹ ಹೊಯ್ಯಲಾಗುತ್ತದೆ. ಯಂತ್ರದ ಬಿಡಿಭಾಗಗಳಿಗೆ ಮರಳಿನ ಅಚ್ಚು ಬಳಕೆಯಲ್ಲಿದೆ.

ತರಬೇತಿ

1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯಡಿ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ 'ಫೌಂಡ್ರಿಮನ್' ವೃತ್ತಿಯನ್ನು ಕಲಿಸಲಾಗುತ್ತದೆ. ಅವಧಿ 1 ವರ್ಷ. ಮರಳು ಹದಗೊಳಿಸುವುದು, ಅಚ್ಚು ಮತ್ತು ಕೋರ್ ತಯಾರಿಕೆ, ಕುಲುಮೆಯ ನಿರ್ವಹಣೆ, ಲೋಹ ಹೊಯ್ಯುವುದು, ಎರಕವನ್ನು ಶುಚಿಗೊಳಿಸಿ ದೋಷ ಪರಿಶೀಲಿಸುವುದು ಪಠ್ಯದಲ್ಲಿವೆ. ಉತ್ತೀರ್ಣರಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ. 1961ರ ಶಿಶಿಕ್ಷು ಕಾಯ್ದೆಯಡಿ ಕಾರ್ಖಾನೆಯಲ್ಲಿ ಶಿಷ್ಯವೃತ್ತಿ ತರಬೇತಿಗೂ ಅವಕಾಶವಿದೆ. ರಾಜ್ಯದಲ್ಲಿ ಎರಕದ ಕಾರ್ಖಾನೆಗಳು ಬೆಳಗಾವಿ ಮತ್ತು ಶಿವಮೊಗ್ಗದಲ್ಲಿ ಹೆಚ್ಚಾಗಿರುವುದರಿಂದ ಊರು ಬಿಟ್ಟು ಹೋಗಲು ಸಿದ್ಧರಿರುವುದು ಅಗತ್ಯ.

ಎಲ್ಲ ಸಂಸ್ಥೆಗಳಲ್ಲಿ ಎಲ್ಲ ವೃತ್ತಿಗಳೂ ಇರುವುದಿಲ್ಲ. ಆದುದರಿಂದ ಕನ್ಯಾನ ಹಾಗೂ ಸುತ್ತಲಿನ ಗ್ರಾಮಗಳ ಅಭ್ಯರ್ಥಿಗಳು ಅರ್ಜಿಯಲ್ಲಿ ಸಂಸ್ಥೆಯ ಆದ್ಯತೆ ನಮೂದಿಸುವ ಮೊದಲು ಅಲ್ಲಿ ಈ ವೃತ್ತಿ ಇದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ಪ್ರವೇಶಕ್ಕೆ ಕನಿಷ್ಠ ವಯಸ್ಸು 14 ವರ್ಷ. ಮೀಸಲಾತಿ ಕೋರುವವರು ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮುಂಚಿತವಾಗಿ ಪಡೆದಿಟ್ಟುಕೊಳ್ಳುವುದು ಒಳಿತು.

ಸುರಕ್ಷತೆ

ಪೋಷಕರು ಇದನ್ನು ಗಮನವಿಟ್ಟು ಓದಬೇಕು. ಕುಲುಮೆಯ ಬೆಂಕಿಗೆ ಎಲ್ಲರೂ ಹೆದರುತ್ತಾರೆ. ನೀರಿಗೆ ಹೆದರುವವರು ಕಡಿಮೆ. ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಅಲ್ಯೂಮಿನಿಯಂ 660, ತಾಮ್ರ 1,084 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತವೆ. ಅಂತಹ ದ್ರವಲೋಹದ ಅಡಿಯಲ್ಲಿ ಕೆಲವೇ ಹನಿ ನೀರು ಸಿಲುಕಿದರೂ ಲೋಹ ಸಿಡಿದು ಸುತ್ತಲಿನವರ ಮೇಲೆ ಬೀಳುತ್ತದೆ. ಮರಳಿನ ಅಚ್ಚಿಗೆ ಅಲ್ಪ ತೇವ ಬೇಕೇ ಬೇಕು, ಆದರೆ ಅದು ಮಿತಿ ಮೀರಬಾರದು. ಆವಿ ಹೊರಹೋಗಲು ಅಚ್ಚಿನಲ್ಲಿ ಸೂಜಿರಂಧ್ರಗಳಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಗಾಳಿಯಲ್ಲೇ ತೇವವಿರುವುದರಿಂದ ಮೂಸೆ, ಇಕ್ಕಳ, ಸೌಟು ಮತ್ತು ಗುಜರಿ ಲೋಹವನ್ನು ಬಿಸಿಮಾಡಿ ಒಣಗಿಸದೆ ಬಳಸಕೂಡದು. ಸೋರುವ ಮಾಡಿನ ಕೆಳಗೆ ಅಥವಾ ಸಿಮೆಂಟ್ ನೆಲದ ಮೇಲೆ ಲೋಹ ಹೊಯ್ಯಬಾರದು. ಕಾಂಕ್ರೀಟಿನಲ್ಲಿ ಅಡಗಿದ ನೀರೂ ಸಿಡಿಯುತ್ತದೆ. ಒಣ ಮರಳಿನ ಹಾಸು ಸೂಕ್ತ.

ಹಿತ್ತಾಳೆಯಲ್ಲಿರುವ ಸತುವು 907 ಡಿಗ್ರಿಯಲ್ಲಿ ಕುದಿದು ಬಿಳಿ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುವುದುಂಟು. ಕಲಿಕೆಗೆ ಅಲ್ಯೂಮಿನಿಯಂ ಮೇಲು. ಮುಖಕವಚ, ಚರ್ಮದ ಏಪ್ರನ್ ಮತ್ತು ಪಾದ ಪೂರ್ತಿ ಮುಚ್ಚುವ ಚರ್ಮದ ಶೂ ಕಡ್ಡಾಯ. ಪಾಲಿಯೆಸ್ಟರ್ ಬಟ್ಟೆ ಮೈಗೆ ಕರಗಿ ಅಂಟುವುದರಿಂದ ಹತ್ತಿ ಬಟ್ಟೆಯನ್ನೇ ಧರಿಸಬೇಕು.

ಪರಂಪರಾಗತ ಕುಶಲಕರ್ಮಿಗಳಿಗೆ

17 ಸೆಪ್ಟೆಂಬರ್ 2023ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಕಮ್ಮಾರ, ಅಕ್ಕಸಾಲಿ, ಶಿಲ್ಪಿ ಇದ್ದಾರೆ. ಕಂಚಿನ ಎರಕವು ಪ್ರತ್ಯೇಕ ವೃತ್ತಿಯಾಗಿ ನಮೂದಾಗಿಲ್ಲ. ಎರಕದವರು ತಮ್ಮ ಕೆಲಸ ಯಾವ ಶೀರ್ಷಿಕೆಯಡಿ ಬರುವುದೆಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿದ ನಂತರವೇ ಸಾಮಾನ್ಯ ಸೇವಾ ಕೇಂದ್ರಕ್ಕೆ ತೆರಳುವುದು. ಆಧಾರ್ ಹಾಗೂ ಬ್ಯಾಂಕ್ ಪಾಸ್ ಪುಸ್ತಕ ಜೊತೆಗಿರಲಿ.