ದೀರ್ಘಕಾಲಿಕ ಶ್ವಾಸಕೋಶ ಅಡಚಣೆ ರೋಗದ ಮನೆ ಆರೈಕೆ

ದೀರ್ಘಕಾಲಿಕ ಶ್ವಾಸಕೋಶ ಅಡಚಣೆ ರೋಗವು (ಸಿಒಪಿಡಿ) ಶ್ವಾಸನಾಳಗಳು ಕಿರಿದಾಗಿ, ಗಾಳಿಚೀಲಗಳು ಹಾನಿಗೊಂಡು, ಉಸಿರನ್ನು ಹೊರಬಿಡುವುದು ಕಷ್ಟವಾಗುವ ಕಾಯಿಲೆ. ತಂಬಾಕಿನ ಹೊಗೆ ಹಾಗೂ ಸೌದೆ ಒಲೆಯ ಹೊಗೆ ಇದರ ಮುಖ್ಯ ಕಾರಣಗಳು. ಆದ ಹಾನಿಯನ್ನು ಪೂರ್ಣವಾಗಿ ಸರಿಪಡಿಸಲಾಗದು. ಆದರೆ ಧೂಮಪಾನವನ್ನು ತ್ಯಜಿಸಿದರೆ ರೋಗ ಉಲ್ಬಣಿಸುವ ವೇಗ ತಗ್ಗುತ್ತದೆ.

ಇನ್‌ಹೇಲರ್ ಬಳಕೆ

ಒತ್ತುವ ಮಾದರಿಯ ಇನ್‌ಹೇಲರನ್ನು ಅಲುಗಾಡಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ನಿಧಾನವಾಗಿ ಒಳಗೆಳೆಯುತ್ತಿರುವಾಗಲೇ ಒತ್ತಬೇಕು. ಬಳಿಕ ಸುಮಾರು 10 ಸೆಕೆಂಡು ಉಸಿರು ಹಿಡಿಯಬೇಕು. ಕ್ರಮ ತಪ್ಪಿದರೆ ಔಷಧದ ಬಹುಪಾಲು ಗಂಟಲಲ್ಲೇ ಉಳಿಯುತ್ತದೆ. ಸ್ಟೀರಾಯ್ಡ್ ಇರುವ ಇನ್‌ಹೇಲರ್ ಬಳಸಿದ ನಂತರ ಬಾಯಿ ಮುಕ್ಕಳಿಸಬೇಕು. ಇಲ್ಲವಾದರೆ ಬಾಯಿಯಲ್ಲಿ ಶಿಲೀಂಧ್ರದ ಸೋಂಕು ಉಂಟಾಗಬಹುದು.

ಉಸಿರಾಟ ಮತ್ತು ನಡಿಗೆ

ಏದುಸಿರು ಬಂದಾಗ ಮೂಗಿನಿಂದ ಉಸಿರೆಳೆದು, ದೀಪ ಆರಿಸುವಂತೆ ತುಟಿಗಳನ್ನು ಕೂಡಿಸಿ, ಎರಡರಷ್ಟು ಹೊತ್ತು ಹೊರಬಿಡುವುದು ಉಪಯುಕ್ತ. ಏದುಸಿರಿಗೆ ಹೆದರಿ ಕುಳಿತೇ ಇದ್ದರೆ ಸ್ನಾಯುಗಳು ಸೊರಗಿ ಆಯಾಸ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ನಡುನಡುವೆ ವಿಶ್ರಮಿಸುತ್ತ ನಿತ್ಯ ನಡೆಯುವುದು ಅಗತ್ಯ.

ಆಮ್ಲಜನಕ

ರಕ್ತದಲ್ಲಿ ಆಮ್ಲಜನಕ ಸದಾ ತೀರ ಕಡಿಮೆ ಇರುವವರಿಗೆ ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕವನ್ನು ಸೂಚಿಸಲಾಗುತ್ತದೆ. ವೈದ್ಯರು ಗೊತ್ತುಪಡಿಸಿದ ಪ್ರಮಾಣವನ್ನು ತಾವಾಗಿ ಹೆಚ್ಚಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಶೇಖರವಾಗಿ ಮಂಪರು ಕವಿಯಬಹುದು. ಆ ಕೋಣೆಯಲ್ಲಿ ದೀಪ, ಊದುಬತ್ತಿ, ಬೀಡಿ ಹಚ್ಚಬಾರದು.

ಅಪಾಯದ ಲಕ್ಷಣಗಳು

ಕಫ ಹೆಚ್ಚಿದರೆ ಅಥವಾ ಅದರ ಬಣ್ಣ ಬದಲಾದರೆ ವೈದ್ಯರನ್ನು ಕಾಣಬೇಕು. ತುಟಿ ನೀಲಿಗಟ್ಟಿದರೆ, ಮಾತು ತಡವರಿಸುವಷ್ಟು ಏದುಸಿರು ಅಥವಾ ಮಂಪರು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.